ಗೆರ್ನೋಟ್‌ನ ನೀಲಿ ಗಡಿಯಾರ

ಮೇ 20, ಬುಧವಾರ. ವ್ಯೂರ್ಟ್ಸ್‌ಬುರ್ಗ್

ಮತ್ತೆ ಅದೇ. ಗಂಡ ಗೆರ್ನೋಟ್ ಕಾರು ನಿಲ್ಲಿಸಿದ, ನಿಲ್ಲಿಸಿದ ಹೊತ್ತನ್ನು ನೀಲಿ ರಟ್ಟಿನ ಗಡಿಯಾರದಲ್ಲಿ ತಿರುಗಿಸಿ ಗಾಜಿನ ಹಿಂದೆ ಇಟ್ಟ. ಪಾರ್ಕಿಂಗ್ ಎರಡು ಗಂಟೆ. ಅಂದರೆ ಊರು ನೋಡುವುದೂ ಎರಡೇ ಗಂಟೆ. ಅರಮನೆ ಓಡುತ್ತಾ ನೋಡಿದ್ದಾಯಿತು. ಹಳೆ ಸೇತುವೆಯ ಮೇಲೆ ವೈನ್ ಅರ್ಧಕ್ಕೇ ಬಿಟ್ಟು ಬಂದೆ.

ದಾರಿಯುದ್ದಕ್ಕೂ ಬೋರ್ಡು ಓದುವುದು ನನ್ನ ಕೆಲಸ. ಓದಿದರೆ, "ನಂಗೇನ್ ಕಣ್ಣಿಲ್ವಾ? ಬಾಯ್ಮುಚ್ಕೊಂಡ್ ಕೂತ್ಕೋ." ಓದದಿದ್ದರೆ, "ಬಾಯಲ್ಲಿ ಕಡುಬು ಇಟ್ಕೊಂಡಿದ್ಯಾ?"

ಮೂವತ್ತೆಂಟು ವರ್ಷ ಈ ಮೂತಿ ನೋಡಿದ್ದೇನೆ. ಸಾಕಾಗಿದೆ. ಶನಿವಾರ ರೇಗನ್ಸ್‌ಬುರ್ಗ್‌ನಲ್ಲಿ ಮಗಳ ಮನೆ. ರಜೆಗೆ ಮೊಮ್ಮಗಳು ಮರೈಕೆಯನ್ನು ನಮ್ಮ ಕಾಸೆಲ್‌ಗೆ ಕರೆತರಬೇಕು. ಆರು ವರ್ಷದ ಮಗು. ಅದಕ್ಕೋಸ್ಕರ ತಡೆದುಕೊಂಡಿದ್ದೇನೆ.

ಮೇ 21. ಬಾಂಬೆರ್ಗ್, ಮಧ್ಯಾಹ್ನ 1

ಹೊಗೆ ವಾಸನೆಯ ಬಿಯರ್ ಕುಡಿದು ಬಂದರೆ ವೈಪರ್ ಕೆಳಗೆ ದಂಡದ ಚೀಟಿ. ಗೆರ್ನೋಟ್‌ಗೆ! ಇಪ್ಪತ್ತಾರು ವರ್ಷ ಇಂಥ ಚೀಟಿ ಸಿಕ್ಕಿಸಿಯೇ ಸಂಬಳ ತಿಂದವನಿಗೆ.

ಕಾರು ನಿಲ್ಲಿಸಿದ್ದು ಹನ್ನೊಂದೂವರೆಗೆ. ಗಡಿಯಾರ ತೋರಿಸುತ್ತಿದ್ದುದು ಏಳೂವರೆ.

"ಏನಿದು, ಗೆರ್ನೋಟ್?"

"ನಿನ್ ಬ್ಯಾಗ್ ತಾಗಿ ತಿರುಗಿದೆ."

"ಬ್ಯಾಗ್ ನನ್ ಹೆಗಲಲ್ಲೇ ಇತ್ತು."

"ಹಾಗಾದ್ರೆ ಮೊಣಕೈ. ಕಾರು ಗೇಟಿಗೆ ಉಜ್ಜಿದವಳಲ್ವಾ ನೀನು."

ಉಜ್ಜಿದ್ದು ನಿಜ. ಹನ್ನೊಂದು ವರ್ಷವಾಯಿತು. ಆವತ್ತಿನಿಂದ ಬೀಗದಕೈ ಮುಟ್ಟಲು ಬಿಟ್ಟಿಲ್ಲ.

ಸಂಜೆ 5

ಅವನು ಸ್ನಾನಕ್ಕೆ ಹೋದಾಗ ಕೋಟಿನ ಜೇಬು ತಡಕಿದೆ. ನಾಚಿಕೆಯೇನಿಲ್ಲ. ಕಣ್ಣಿನ ಡಾಕ್ಟರ ಪತ್ರ ಸಿಕ್ಕಿತು, ಮಾರ್ಚ್ ತಿಂಗಳದ್ದು. ಎರಡೂ ಕಣ್ಣಿನಲ್ಲಿ ನಡುಭಾಗದ ದೃಷ್ಟಿ ಹೋಗುತ್ತಿದೆ. ಕಾರು ಓಡಿಸಕೂಡದು.

ನನಗೆ ಹೇಳಿದ್ದು — "ಹದ್ದಿನ ಕಣ್ಣು ಅಂದ್ರು ಡಾಕ್ಟ್ರು."

ಎರಡು ತಿಂಗಳಿಂದ ಕಾರು ಓಡಿಸುತ್ತಿರುವುದು ನನ್ನ ಕಣ್ಣು. ಬೈಗುಳವೂ ನನಗೇ. ಇವನ ಹಿಂದಿನ ಸೀಟಿನಲ್ಲಿ ಆ ಮಗು... ಆಗುವುದಿಲ್ಲ.

ಮೇ 23. ರೇಗನ್ಸ್‌ಬುರ್ಗ್, ಬೆಳಿಗ್ಗೆ 11

ನಿನ್ನೆ ಬರೆಯಲಿಲ್ಲ. ಪತ್ರ ತಿಂಡಿಯ ಮೇಜಿನ ಮೇಲಿಟ್ಟೆ. "ಕಳ್ಳಿ" ಎಂದ. ಅಷ್ಟೇ ಮಾತು. ಇವತ್ತೂ ಹಟ ಹಿಡಿದು ತಾನೇ ಓಡಿಸಿದ. ಸೈಕಲ್ಲಿನ ಹುಡುಗಿಯೊಬ್ಬಳು ಕೂದಲೆಳೆಯ ಅಂತರದಲ್ಲಿ ಉಳಿದಳು. ಅವಳು ಬೈದದ್ದು ಕೇಳಿಸಿತು ಇವನಿಗೆ, ಅವಳು ಕಾಣಿಸಲಿಲ್ಲ.

ಕಲ್ಲುಸೇತುವೆಯ ಹತ್ತಿರ ಬ್ರೆಡ್ ತರಲು ಇಳಿದ. ಬೀಗದಕೈ ಕಾರಿನಲ್ಲೇ ಬಿಟ್ಟಿದ್ದ. ಅವನ ಸೀಟಿಗೆ ಸರಿದು ಒಳಗಿಂದ ಲಾಕ್ ಹಾಕಿಕೊಂಡೆ. ಇಲ್ಲೇ ಕೂತು ಬರೆಯುತ್ತಿದ್ದೇನೆ.

"ಬಾಗಿಲು ತೆಗಿ, ಗುದ್ರುನ್."

"ಆ ಕಡೆಯಿಂದ ಬಂದು ಕೂತ್ಕೋ."

"ನಿನ್ ಪಕ್ಕದಲ್ಲಾ? ಅದಕ್ಕಿಂತ ನಡ್ಕೊಂಡ್ ಹೋಗ್ತೀನಿ."

"ಹೋಗು. ಕಾಸೆಲ್ ನಾನೂರು ಕಿಲೋಮೀಟರ್. ಬೋರ್ಡು ಓದ್ಕೊಂಡ್ ಹೋಗು."

ಬ್ರೆಡ್ಡಿನ ಪೊಟ್ಟಣ ಎದೆಗೆ ಒತ್ತಿಕೊಂಡಿದ್ದಾನೆ. ಪಾಪ ಅನಿಸಬೇಕಿತ್ತು, ಅನಿಸಲಿಲ್ಲ.

11.20

ಹೊರಟ. ಕಾರಿನ ಮುಂಭಾಗ ಸುತ್ತಿ ಬರುತ್ತಿದ್ದಾನೆ. ಆ ಬಾಗಿಲಿನ ಲಾಕ್ ತೆಗೆದೆ. ಹಿಡಿ ಹುಡುಕುತ್ತಿದ್ದಾನೆ, ಕೈಯಲ್ಲಿ ಸವರಿ ಸವರಿ. ಎದುರಿಗೇ ಇದೆ, ಕಾಣುತ್ತಿಲ್ಲ. ಇವತ್ತು ನಾನು ಏನನ್ನೂ ಓದಿ ಹೇಳುವವಳಲ್ಲ. ಹುಡುಕಲಿ.

ಎಡಕ್ಕೆ. ಇನ್ನೊಂದು ಗೇಣು ಎಡಕ್ಕೆ ಕಣೋ, ಗೆರ್—