ರೊಟ್ಟಿ ಉಂಡೇ ಹೊರಡು

ತಮ್ಮಾ ರೇವಣಸಿದ್ಧ,

ತಾಲೀಮಿನಿಂದ ಬಂದ ಕೂಡಲೇ ಇದನ್ನ ಓದಿ ಒಲ್ಯಾಗ ಹಾಕು.

ನೀ ಹೋದ ಮ್ಯಾಲ ಇಬ್ಬರು ರಜಾಕಾರರು ಬಂದು ಕುಸ್ತಿ ಹುಡುಗರ ಹೆಸರು ಬರಕೊಂಡು ಹೋದ್ರು. ನಿಂದೂ ಬರಕೊಂಡಾರ. ಸಂಜಿಗೆ ಹಿಡಕೊಂಡು ಹೋಗಾಕ ಮತ್ತ ಬರ್ತಾರಂತ. ದೌಲಪ್ಪ ಕಾಕಾನ ಬಂಡಿ ನಿಲ್ಲಂಗಿಲ್ಲ, ಅವ್ವನ್ನ ಕರಕೊಂಡು ಕಮಲಾಪುರಕ್ಕ ಮಾವನ ಮನಿಗೆ ಹೊಂಟೀನಿ. ನೀನೂ ಇವತ್ತೇ ನಡಕೋತ ಬಾ. ದೊಡ್ಡ ಹಾದಿ ಬ್ಯಾಡ, ಹೊಲದಾಗಿಂದ ಬಾ.

ಆದ್ರ ಹಸಿದ ಹೊಟ್ಟಿಲೆ ಹೊರಡಬ್ಯಾಡ. ರೊಟ್ಟಿ ತಿಂದ್ರ ಮೈ ಭಾರ ಆಗ್ತದಂತ ನಿಮ್ಮ ಉಸ್ತಾದ ಹೇಳಿದ್ದಕ್ಕ ಬರೇ ಹಾಲು, ಬದಾಮಿ ಮ್ಯಾಲ ಇರಾಕತ್ತಿ. ಮೊನ್ನೆ ಬೈಠಕ್ ಹೊಡೆದು ಅಂಗಳದಾಗ ಬಿದ್ದಿ. ನಾ ಬೆಲ್ಲದ ನೀರು ಕುಡಿಸಿದ ಮ್ಯಾಲ ಕಣ್ಣು ತೆರೆದಿ. ಇವತ್ತು ಹೊಲದಾಗ ಬಿದ್ರ ಯಾರು ಕುಡಸ್ತಾರೋ?

ಬುಟ್ಟ್ಯಾಗ ಆರು ಜೋಳದ ರೊಟ್ಟಿ ಅದಾವ. ಎರಡು ಉಣ್ಣು, ಅರ್ಧ ತಾಸು ಕೂಡು, ಆಮ್ಯಾಲ ಹೊರಡು. ಒಮ್ಮೆಲೆ ಎಲ್ಲಾ ತಿಂದ್ರ ಕಾಲು ಏಳಂಗಿಲ್ಲ. ಉಳಿದದ್ದು ಕಟ್ಟಿಕೊಂಡು, ದಣಿವು ಬರೂಕಿಂತ ಮೊದಲೇ ಒಂದೊಂದು ತಿನ್ಕೋತ ಬಾ. ಬೆಲ್ಲ ಕಿಸೆದಾಗ ಇರಲಿ. ಕೈ ನಡುಗಿದ್ರ ಬಾಯಾಗ ಹಾಕೋ.

ಇವತ್ತು ಸೋಮವಾರ, ಶರಣಬಸಪ್ಪನ ಉಪವಾಸ ಮುರಿಯಂಗಿಲ್ಲ ಅಂತಿ, ಗೊತ್ತದ. ದೇವರ ಮುಂದ ನಿಂತು ಕೇಳಿಕೊಂಡೀನಿ. ನಿನ್ನ ಸೋಮವಾರ ನಾ ಹಿಡಿದೀನಿ. ನೀ ಬಂದು ಮಾವನ ಬಾಗಿಲದಾಗ ನಿಂದ್ರೋತನಕ ನನ್ನ ಬಾಯಾಗ ನೀರೂ ಹೋಗಂಗಿಲ್ಲ.

ಉಣ್ಣೋ ತಮ್ಮಾ.

ಅಕ್ಕ ಕಸ್ತೂರಿ