ಬಂದೂಕಿನ ಬಾಯಿಗೆ ಇಣುಕಿದವನಿಗೆ

ಕಟಕೋಳ
ಕೀಲಕ ಸಂವತ್ಸರ, ಕಾರ್ತಿಕ ಶುದ್ಧ ಪಂಚಮಿ, ಸನ್ ೧೯೦೮

ಚಿರಂಜೀವಿ ಮೊಮ್ಮಗ ನಿಜಗುಣನಿಗೆ,

ಕತ್ತೆ, ನಿನಗೆ ಬುದ್ಧಿ ಇದೆಯೋ ಇಲ್ಲವೋ? ಬಂದೂಕಿನ ಕುದುರೆ ಎಳೆದರೂ ಗುಂಡು ಹಾರಲಿಲ್ಲ, ಏನಾಯಿತೆಂದು ನಳಿಗೆಯೊಳಗೆ ಇಣುಕಿ ನೋಡಿದೆ ಎಂದು ಬರೆದಿದ್ದೀಯಲ್ಲ, ಅದೂ ದೊಡ್ಡ ಪರಾಕ್ರಮ ಮಾಡಿದವನಂತೆ! ಅದೇನು ಬಾವಿಯೇ, ನೀರು ಎಷ್ಟಿದೆ ಎಂದು ಬಗ್ಗಿ ನೋಡುವುದಕ್ಕೆ? ಇರಲಿ, ಬೈಗುಳ ಇನ್ನೂ ಇದೆ, ಮೊದಲು ಕ್ಷೇಮ ಕೇಳುತ್ತೇನೆ. ದೇಗಾಂವದ ನೀರು ಮೈಗೆ ಒಗ್ಗಿತೇ? ಕೆಮ್ಮು ಹೋಯಿತೇ? ಹೊಸ ಹೊಲದ ಜೋಳ ತೆನೆ ಹಿಡಿಯಿತೇ? ಕಾಡುಹಂದಿಯ ಕಾಟವೆಂದು ಬಂದೂಕು ಕೊಂಡದ್ದು ಸರಿ. ಆದರೆ ಅದನ್ನು ಹಿಡಿಯಲು ನಿನಗೆ ಕಲಿಸಿದವರು ನಿಮ್ಮ ಅಜ್ಜ. ಆ ಗುರುವಿನ ಕಥೆ ಕೇಳು.

ಈ ಸಲದ ದೀಪಾವಳಿಯ ತುಂಬ ಜಿಟಿಜಿಟಿ ಮಳೆ ಹಿಡಿದು ಮನೆಯ ಉಪ್ಪು ಕೂಡ ನೀರಾಗಿತ್ತು. ಮದ್ದಿನ ಕೋಡು ಮಾತ್ರ ಒಣಗಿದೆ ಎಂದು ಅವರ ಹಟ. ಹಬ್ಬದ ಮರುದಿನ ನಾನು ಹೊಲಕ್ಕೆ ಬುತ್ತಿ ಒಯ್ದಾಗ ಹಳ್ಳದ ದಂಡೆಯ ಜೋಳದಲ್ಲಿ ಹಂದಿ ಸರಿದಾಡಿತು. ಇವರು ನಳಿಗೆಗೆ ಮದ್ದು ಸುರಿದರು, ಚಿಂದಿ ತುರುಕಿದರು, ಚರೆ ಹಾಕಿ ಗಜದ ಕೋಲಿನಿಂದ ಜಡಿದರು, ಕುದುರೆಯ ಕೆಳಗೆ ಕಿಡಿ ಹೊತ್ತಿಸುವ ಕೇಪು ಇಟ್ಟರು. ಗುರಿ ಹಿಡಿದು ಎಳೆದರೆ ಕೇಪು ಟಪ್ ಎಂದಿತು, ಬಂದೂಕು ಸುಮ್ಮನಾಯಿತು. ಹಂದಿ ನಮ್ಮನ್ನೊಮ್ಮೆ ನೋಡಿ, ಉಂಡ ಬೀಗರು ಹೊರಟಂತೆ ನಿಧಾನ ಹೋಯಿತು. ಇವರು ಬಂದೂಕನ್ನು ನೆಲಕ್ಕೆ ಊರಿ ಅದರ ಬಾಯಿಯ ಮೇಲೆ ಬಗ್ಗಿದರು. ನಿನ್ನ ಹಾಗೆಯೇ! “ರೀ, ಬಗ್ಗಬ್ಯಾಡ್ರಿ!” ಎಂದೆ. ಮತ್ತೆ “ರೀ!” ಎಂದೆ. ಮದುವೆಯಾದಂದಿನಿಂದ ರೀ, ರೀ ಕೇಳಿ ಆ ಕಿವಿಗೆ ಅದು ನೊಣ ಗುಂಯ್ ಎಂದಷ್ಟೇ. ತಲೆ ಇನ್ನೂ ಬಗ್ಗಿತು. ಮದುವೆಮನೆಯ ಒಡಪಿನಲ್ಲಿ ಬಿಟ್ಟರೆ ಗಂಡನ ಹೆಸರು ಎಂದೂ ಆಡದ ಬಾಯಿ ನನ್ನದು. ಅದೇ ಬಾಯಿ ಅಂದು ಹೊಲ ನಡುಗುವಂತೆ ಕೂಗಿತು: “ಏ ಮಡಿವಾಳೆಪ್ಪಾ!”

ಅವರು ಬೆಚ್ಚಿ ನೆಟ್ಟಗೆ ನಿಂತರು. ಬಂದೂಕು ಕೈಯಲ್ಲಿ ಆಚೆ ವಾಲಿತು. ಅಷ್ಟರಲ್ಲೇ ಢಂ! ಜಾಲಿಯ ಟೊಂಗೆ ಮುರಿದು ಅವರ ಪಾದದ ಮುಂದೆ ಬಿತ್ತು. ತೇವ ಹಿಡಿದ ಮದ್ದಿನಲ್ಲಿ ಕಿಡಿ ಒಳಗೊಳಗೇ ಕೂತಿತ್ತು ಕಣಪ್ಪ. ಇನ್ನೊಂದು ಉಸಿರು ತಡವಾಗಿದ್ದರೆ ಈ ಕಾಗದ ಬೇರೆ ಸುದ್ದಿ ತರುತ್ತಿತ್ತು.

ಹೊಗೆ ಕರಗಿದ ಮೇಲೆ ಅವರ ಮೊದಲ ಮಾತು ಏನು ಗೊತ್ತೇ? “ನನ್ನ ಹೆಸರ ಹಿಡದು ಒದರಿದೇನ ನೀ?” “ಒದರೇನಿ. ಕೇಳಿಸ್ತಲ್ಲ, ಸಾಕು.” ಪಕ್ಕದ ಹೊಲದ ಶಟ್ಟೆಪ್ಪ ಓಡಿ ಬಂದು, “ಅಕ್ಕಾರ, ಎರಡ ಬಾರ ಹಾರಿದ್ದು ಕೇಳ್ತು. ಮೊದಲನೇದು ಭಾಳ ಜೋರ ಇತ್ರಿ” ಎಂದ. ನಿಮ್ಮ ಅಜ್ಜ ಸಂಜೆಯತನಕ ಮುಖ ತಿರುವಿಕೊಂಡು ಕೂತರು. ಉಣ್ಣುವಾಗ ಮಾತ್ರ ಮೆಲ್ಲಗೆ, “ಹೆಸರ ಚಲೋ ಐತಿ ನಂದು” ಎಂದರು.

ಈಗ ಅವರದೊಂದು ಕಟ್ಟಳೆ, ನಿನಗೂ ಅದೇ. ಕೇಪು ಟಪ್ ಎಂದು ಬಾರು ಹಾರದಿದ್ದರೆ ಬಂದೂಕಿನ ಬಾಯಿ ಬಯಲಿನ ಕಡೆಗೇ ಇರಬೇಕು. ಎಲೆ ಅಡಿಕೆ ಹಾಕಿ, ಅಗಿದು, ಉಗುಳುವಷ್ಟು ಹೊತ್ತು ಅಲುಗಬಾರದು. ಬಾರು ಹಾರಿದರೂ ಕೂಡಲೇ ಮದ್ದು ಸುರಿಯಬಾರದು, ನಳಿಗೆಯಲ್ಲಿ ಕಿಡಿ ಉಳಿದಿರುತ್ತದೆ. ಹಂದಿ ಹೋದರೆ ಹೋಗಲಿ, ನಾಳೆ ಮತ್ತೆ ಬರುತ್ತದೆ. ಕಣ್ಣು ಬರುವುದಿಲ್ಲ.

ಎಲ್ಲವ್ವ ನಿನ್ನ ಕಣ್ಣು ಕೈ ಕಾಯಲಿ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಆಯಿ,
ಗುರವ್ವ

ತಾಜಾಕಲಮು: ನಿನ್ನ ಹೆಂಡತಿ ದೇವಕ್ಕ ನಿನ್ನಲ್ಲಿಗೆ ಬರಲು ಗಂಟು ಕಟ್ಟಿ ಕೂತಿದ್ದಾಳೆ. ಹಿತ್ತಲಲ್ಲಿ ನಿಲ್ಲಿಸಿ ನಿನ್ನ ಹೆಸರು ಕೂಗುವುದನ್ನು ಕಲಿಸುತ್ತಿದ್ದೇನೆ. ಮೊದಲು ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನಿನ್ನೆ ಕೂಗಿದ ಕೂಗಿಗೆ ಕೊಟ್ಟಿಗೆಯ ಎತ್ತು ಎದ್ದು ನಿಂತಿತು. ಬಂದೂಕು ಕೈಯಲ್ಲಿದ್ದಾಗ ಅವಳು ಹೆಸರು ಹಿಡಿದು ಕೂಗಿದರೆ ನೀನು ಸಿಟ್ಟಾಗದೆ ನಿಂತುಬಿಡಬೇಕು. ಒಪ್ಪಿದರೆ ಬಂಡಿ ಹೂಡಿಸುತ್ತೇನೆ, ಇಲ್ಲದಿದ್ದರೆ ಹುಡುಗಿ ಇಲ್ಲೇ ನನ್ನ ಹತ್ತಿರ ಇರುತ್ತಾಳೆ. ಮಾರ್ಗಶಿರ ಹುಟ್ಟುವ ಮೊದಲು ಉತ್ತರ ಬರೆ.