ಅಮ್ಮನ ಕಪ್ಪು ಹಲ್ಲು

ಹನೋಯ್, ಸೋಮವಾರ

ಅಮ್ಮನಿಗೆ ಥೋವಾಳ ನಮಸ್ಕಾರ.

ನೀನು ವಾರದಿಂದ ನಿಂಬೆರಸದಲ್ಲಿ ಇದ್ದಿಲ ಪುಡಿ ಕಲಸಿ ಹಲ್ಲುಜ್ಜುತ್ತಿದ್ದೀಯೆ, ವಸಡಿನಲ್ಲಿ ರಕ್ತ ಬರುತ್ತಿದೆ ಎಂದು ಅತ್ತಿಗೆ ಬರೆದಿದ್ದಾಳೆ. ಓದಿದವಳೇ ನನ್ನ ಅಂಗಡಿಯಲ್ಲಿ ಮಾರಲಿಟ್ಟ ಹಲ್ಲುಪುಡಿ ಡಬ್ಬದ ಮೇಲೇ ಕೂತೆ. ನಿಮ್ಮ ಕಾಲದ ಹುಡುಗಿಯರೆಲ್ಲ ಚೆಂದಕ್ಕೆಂದು ಮಾಡಿಸಿಕೊಳ್ಳುತ್ತಿದ್ದಂತೆ, ಹದಿನಾಲ್ಕನೇ ವಯಸ್ಸಿನಲ್ಲಿ ಅರಗು ಹಚ್ಚಿಸಿಕೊಂಡು, ಹದಿನೈದು ದಿನ ಬರೀ ಗಂಜಿ ಕುಡಿದು ಕಪ್ಪು ಮಾಡಿಕೊಂಡ ಹಲ್ಲು ಅದು. "ಬಿಳಿ ಹಲ್ಲು ನಾಯಿಗೂ ಇರ್ತದೆ" ಎಂದು ನಮ್ಮನ್ನು ಆಡಿಕೊಳ್ಳುತ್ತಿದ್ದವಳು ನೀನು.

ಮೊಮ್ಮಗನ ಮದುವೆಯಲ್ಲಿ ಪೇಟೆಯ ಬೀಗರು ನಗುತ್ತಾರೆಂದು ಹೆದರಿದೆಯಂತೆ. ಅತ್ತಿಗೆ ತಡೆದರೆ, "ಥೋವಾನೇ ಹೇಳ್ತಾಳಲ್ಲ, ನಿಂಬೆ ಹಾಕಿ ಉಜ್ಜಿದ್ರೆ ವಾರಕ್ಕೆ ಮಲ್ಲಿಗೆ ಮೊಗ್ಗು ಅಂತ" ಎಂದೆಯಂತೆ. ಅದು ವ್ಯಾಪಾರದ ಮಾತು, ಅಮ್ಮ. ಇನ್ನು ಗಿರಾಕಿಗಳಿಗೂ ಹೇಳುವುದಿಲ್ಲ. ಹುಳಿ ಹಲ್ಲನ್ನೇ ತಿನ್ನುತ್ತದೆ. ನಿಂಬೆ, ಇದ್ದಿಲು ಎರಡನ್ನೂ ಬಿಡು. ಮೆತ್ತನೆಯ ಬ್ರಷ್ ಸಾಕು. ಗುರುವಾರ ಬಂದು ದಂತವೈದ್ಯರ ಬಳಿ ಕರೆದೊಯ್ಯುತ್ತೇನೆ.

ನಿನ್ನೆ ಮದುಮಗಳು ಅಂಗಡಿಗೆ ಬಂದಿದ್ದಳು. "ಅತ್ತೆ, ಅಜ್ಜಿ ಪಕ್ಕದಲ್ಲೇ ನಿಂತು ಫೋಟೊ ತೆಗೆಸ್ಕೋತೀನಿ. ನಮ್ಮಜ್ಜಿಗೂ ಅಂಥವೇ ಕರೀ ಹಲ್ಲು ಇದ್ವು. ಅವರು ಹೋದ್ಮೇಲೆ ಆ ನಗು ಎಲ್ಲೂ ನೋಡಿಲ್ಲ" ಎಂದಳು.

ಇನ್ನೂ ಎಷ್ಟು ಹಲ್ಲು ಕಪ್ಪಾಗಿ ಉಳಿದಿವೆಯೆಂದು ಎಣಿಸಿ, ಅತ್ತಿಗೆಯ ಕೈಲಿ ಬರೆಸು.

ನಿನ್ನ ಮಗಳು,
ಥೋವಾ